ತಾತನ ದಮ್ಮಡಿಗೆ ಹೊಸ ಚರ್ಮ, ಎರಡು ಸಲ ಹಾಕಿದ್ದು

ದೀಪಾವಳಿಗೆ ತಿಪಟೂರು ಹತ್ರ ನಮ್ಮೂರಿಗೆ ಹೋಗಿದ್ದಾಗ ಅಟ್ಟ ಕ್ಲೀನ್ ಮಾಡ್ತಾ ಇದ್ವಿ, ಹಳೇ ಕೊಬ್ಬರಿ ಚೀಲದೊಳಗೆ ಸುತ್ತಿಟ್ಟಿದ್ದ ತಾತನ ದಮ್ಮಡಿ, ಭಜನೆಲಿ ಕೈಲಿ ಹಿಡಿದು ಬೆರಳಲ್ಲಿ ನುಡಿಸೋ ಚರ್ಮವಾದ್ಯ, ಸಿಕ್ತು. ಚರ್ಮ ನಡುವೆ ಉದ್ದಕ್ಕೂ ಹರಿದಿತ್ತು, ಅಂಚಿನ ಸುತ್ತ ಇಲಿ ಹಲ್ಲಿನ ಗುರುತು, ಮರದ ಬಳೆಲಿ ಒಂದು ಕಡೆ ಸೀಳು, ಎರಡು ಕಾಸು ಇರಬೇಕಾದ ಕಡೆ ಒಂದೇ ಕಾಸು. ಚಿಕ್ಕಪ್ಪ ಅದನ್ನ ಕೈಗೆ ತಗೊಂಡು ಧೂಳು ಒರೆಸಿ, ಚರ್ಮ ಇಲ್ದೇ ಇದ್ರೂ ಎಡಗೈಲಿ ಹಿಡ್ಕೊಂಡು ಬಲಗೈ ಬೆರಳು ಆಡಿಸ್ತಾ ಸುಮಾರು ಹೊತ್ತು ಕೂತಿದ್ರು. ಆಮೇಲೆ "ಈ ಧನುರ್ಮಾಸಕ್ಕೆ ಇದು ನುಡಿಯಂಗೆ ಆಗುತ್ತೇನೋ ನೋಡೋ" ಅಂದ್ರು. ನಾನು ಆಯ್ತು ಅಂದ್ಬಿಟ್ಟೆ. ಡಿಸೆಂಬರ್ 16ರ ಆಸುಪಾಸಿಗೆ ಧನುರ್ಮಾಸ, ಬೆಳಗಿನ ಜಾವದ ಬೀದಿ ಭಜನೆ ಎರಡೂ ಶುರು, ನನ್ನ ಕೈಲಿದ್ದಿದ್ದು ಬರೀ ವಾರಾಂತ್ಯಗಳು.

ನಮ್ಮೂರಲ್ಲಿ ಇದನ್ನ ದಮ್ಮಡಿ ಅಂತಾರೆ. ಅಳತೆ, ಆಕಾರ ನೋಡಿದ್ರೆ ಸಂಗೀತ ಕಚೇರಿಲಿ ಮೃದಂಗದ ಪಕ್ಕ ನುಡಿಸ್ತಾರಲ್ಲ ಖಂಜಿರ, ಅದೇನೇ. ಏಳೂಕಾಲು ಇಂಚು ಅಗಲ, ಎರಡೂವರೆ ಇಂಚು ಎತ್ತರದ ಹಲಸಿನ ಮರದ ಬಳೆ, ಗೋಡೆ ಅರ್ಧ ಇಂಚು ದಪ್ಪ, ಒಂದು ಕಡೆ ಮಾತ್ರ ಚರ್ಮ, ಬಳೆಲಿ ಒಂದೇ ಒಂದು ಕಿಂಡಿ, ಆ ಕಿಂಡಿಲಿ ಒಂದು ಜೊತೆ ಕಾಸು. ಟ್ಯಾಂಬೊರಿನ್ ಕುಟುಂಬದ್ದೇ ವಾದ್ಯ, ಆದ್ರೆ ನಮ್ಮದ್ರಲ್ಲಿ ಕೆಲಸ ಎಲ್ಲಾ ಚರ್ಮದ್ದು, ಕಾಸು ಬರೀ ಒಗ್ಗರಣೆ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಹೋದ ನಾಲ್ಕೈದು ವರ್ಷದಿಂದ ನಮ್ಮ ಭಜನೆ ಮೇಳದಲ್ಲಿ ಪೇಟೆಯಿಂದ ತಂದ ಪ್ಲಾಸ್ಟಿಕ್ ಟ್ಯಾಂಬೊರಿನ್ ಇದೆ. ಸುತ್ತ ಎರಡು ಸಾಲಲ್ಲಿ ತಗಡಿನ ಗೆಜ್ಜೆಬಿಲ್ಲೆ, ಚರ್ಮಾನೇ ಇಲ್ಲ. ಚರ್ಚ್ ಹಾಡಿಗೆ, ಆರ್ಕೆಸ್ಟ್ರಾಗೆ ಅದು ಸರಿಯಾದ ವಾದ್ಯ, ದೊಡ್ಡ ಗುಂಪು ಹಾಡುವಾಗ ಆ ಝಣಝಣ ಎಲ್ಲರ ತಲೆ ಮೇಲಿಂದ ಹಾದು ಹೋಗಿ ಕೇಳ್ಸುತ್ತೆ. ಆದ್ರೆ ಬೆಳಗಿನ ಜಾವ ಐದು ಗಂಟೆಗೆ ಎಂಟು ಜನ ತಾಳ ಹಿಡ್ಕೊಂಡು ಬೀದಿಲಿ ಮೆಲ್ಲಗೆ ಹಾಡ್ತಾ ಹೋಗುವಾಗ, ತಾಳದ ಸದ್ದೂ ಲೋಹ, ಇದೂ ಲೋಹ, ಕೆಳಗಡೆ ತುಂಬ್ಕೊಡೋ ಗುಂ ಅನ್ನೋ ಸದ್ದೇ ಇಲ್ಲ, ಹಾಡೋರ ಗಂಟಲು ಗಾಳೀಲಿ ತೇಲಿದಂಗೆ ಆಗುತ್ತೆ. ತಾತ ಇದ್ದಾಗ ಆ ಗುಂ ನಮ್ಮ ಮನೆ ಕಿಟಕಿಗೆ ಹಾಡಿಗಿಂತ ಮುಂಚೆ ಬರ್ತಿತ್ತು. ಅದು ಬೇಕಿತ್ತು ನನಗೆ.

ಮೊದಲು ಬಳೆ. ಹಳೇ ಚರ್ಮಾನ ಬಿಸಿನೀರಲ್ಲಿ ಒದ್ದೆ ಮಾಡಿದ ಬಟ್ಟೆ ಸುತ್ತಿ ಒಂದು ಗಂಟೆ ಬಿಟ್ಟೆ, ಅಂಟು ಮೆತ್ತಗಾಗಿ ಸಿಪ್ಪೆ ಥರ ಬಿಟ್ಕೊಂಡ್ತು. ಕೆಳಗೆ ಕಂದು ಬಣ್ಣದ ಅಂಟಿನ ಪದರ, ಮೂಗಿಗೆ ಹಿಡಿದ್ರೆ ಹುಳಿಹುಳಿ ವಾಸನೆ ಈಗ್ಲೂ ಇದೆ. ಇಲಿ ಯಾಕೆ ಅಂಚನ್ನೇ ಕಡಿದಿತ್ತು ಅಂತ ಅವಾಗ ಗೊತ್ತಾಯ್ತು, ಅದಕ್ಕೆ ಬೇಕಾಗಿದ್ದಿದ್ದು ಚರ್ಮ ಅಲ್ಲ, ಅಂಟು. ಇದಕ್ಕೆ ಆಮೇಲೆ ಬರ್ತೀನಿ.

ಬಳೆ ಒಂದೇ ಮರದ ತುಂಡಲ್ಲಿ ಕಡೆದಿದ್ದು, ಬಗ್ಗಿಸಿ ಜೋಡಿಸಿದ್ದಲ್ಲ. ಹಲಗೆಯಿಂದ ಹೀಗೆ ದುಂಡಗೆ ಕಡೆದಾಗ ಮರದ ಎಳೆ ಒಂದೇ ದಿಕ್ಕಲ್ಲಿ ನೇರ ಹೋಗ್ತಿರುತ್ತೆ, ಬಳೆ ಮಾತ್ರ ತಿರುಗುತ್ತೆ, ಹಾಗಾಗಿ ಸುತ್ತಿನಲ್ಲಿ ಎರಡು ಕಡೆ ಎಳೆ ಬಳೆ ಜೊತೆಗೇ ಓಡುತ್ತೆ, ಇನ್ನೆರಡು ಕಡೆ ಬಳೆಗೆ ಅಡ್ಡ ಬರುತ್ತೆ. ಅಡ್ಡ ಬರೋ ಜಾಗಾನೇ ಬಲ ಕಮ್ಮಿ. ಸೀಳು ಬಿಟ್ಟಿದ್ದು ಕರೆಕ್ಟಾಗಿ ಅಲ್ಲೇ. ಅದನ್ನ ನೋಡಿದ್ಮೇಲೆ ಕಿಂಡಿ ಎಲ್ಲಿದೆ ಅಂತ ನೋಡ್ದೆ, ಕಿಂಡಿ ಕೊರೆದಿರೋದು ಎಳೆ ಉದ್ದುದ್ದ ಓಡೋ ಜಾಗದಲ್ಲಿ. ಕಿಂಡಿ ಮೇಲೆ ಕೆಳಗೆ ಉಳಿಯೋದು ಮುಕ್ಕಾಲು ಇಂಚಿನ ಎರಡು ಪಟ್ಟಿ ಅಷ್ಟೇ, ಅಡ್ಡ ಎಳೆ ಇರೋ ಕಡೆ ಕೊರೆದಿದ್ರೆ ಆ ಪಟ್ಟಿ ಒಂದು ವರ್ಷಾನೂ ತಡೀತಿರಲಿಲ್ಲ. ಯಾರು ಮಾಡಿದ್ರೋ ಆ ಮನುಷ್ಯ ಮರಾನ ತಿಳ್ಕೊಂಡು ಮಾಡಿದ್ದಾರೆ. ಬೆರಳಲ್ಲಿ ಆ ಕಿಂಡಿ ಅಂಚು ಸವರಿದ್ರೆ ಉಳಿ ಗುರುತು ಇನ್ನೂ ತಾಗುತ್ತೆ, ಒಳಗಡೆ ಯಾರೂ ನೋಡ್ದೇ ಇರೋ ಕಡೇನೂ ಉಜ್ಜಿ ನಯ ಮಾಡಿದ್ದಾರೆ.

ಸೀಳು ರಿಪೇರಿ ಸುಲಭ ಇತ್ತು. ಬಳೆನ ಚೂರು ಅಗಲಿಸಿ ಸೀಳೊಳಗೆ ಹಳೇ ಬ್ಲೇಡಲ್ಲಿ ಫೆವಿಕಾಲ್ ತಳ್ಳಿದೆ, ಆಚೆ ಈಚೆ ಎರಡೂ ಕಡೆಯಿಂದ ತುಂಬೋ ತನಕ. ಕ್ಲಾಂಪ್ ಹಾಕೋಕೆ ದುಂಡಗಿರೋ ಸಾಮಾನಿಗೆ ಆಗಲ್ಲ, ಅದಕ್ಕೆ ಸೈಕಲ್ ಟ್ಯೂಬನ್ನ ಉದ್ದಕ್ಕೆ ಪಟ್ಟಿ ಕತ್ತರಿಸಿ ಬಳೆ ಸುತ್ತ ಬಿಗಿಯಾಗಿ ಎಳೆದೆಳೆದು ಹತ್ತು ಸುತ್ತು ಸುತ್ತಿದೆ. ಒಂದು ರಾತ್ರಿ ಪೂರ್ತಿ ಬಿಟ್ಟು ಬಿಚ್ಚಿದ್ರೆ ಸೀಳು ಕೂದಲೆಳೆ ಗೆರೆ ಥರ ಕಾಣ್ತಿತ್ತು. ಆಮೇಲೆ ಬಳೆನ ಕಿವಿ ಹತ್ರ ಹಿಡ್ದು ಗೆಣ್ಣಲ್ಲಿ ತಟ್ಟಿ ನೋಡ್ದೆ, ಮುಂಚೆ ಡಬ್ ಅಂತಿದ್ದಿದ್ದು ಈಗ ಟೊಕ್ ಅಂತು. ಸೀಳು ಕೂಡಿದೆಯೋ ಇಲ್ವೋ ಅಂತ ತಿಳ್ಕೊಳ್ಳೋಕೆ ಕಣ್ಣಿಗಿಂತ ಈ ಸದ್ದು ನಂಬ್ಕೆ.

ಕಾಸಿನ ವಿಷಯ. ಉಳಿದಿದ್ದ ಒಂದು ಕಾಸನ್ನ ಹುಣಸೆಹಣ್ಣಲ್ಲಿ ಉಜ್ಜಿದಾಗ ಬ್ರಿಟಿಷ್ ರಾಜ ಐದನೇ ಜಾರ್ಜ್ ಮುಖ ಬಂತು, ಕಾಲಾಣೆ. ಕಂಚಿನ ನಾಣ್ಯ, ಒಂದು ಇಂಚು ಅಗಲ, ಐದು ಗ್ರಾಂಗೆ ಚೂರು ಕಮ್ಮಿ ತೂಕ. ನಡುವೆ ಮೊಳೆ ಹೋಗುವಷ್ಟು ತೂತು ಕೊರೆದಿದ್ರು. ಇದರ ಜೊತೆಗಾರನ್ನ ಹುಡುಕಬೇಕಿತ್ತು. ಮನೇಲಿ ಅಮ್ಮನ ಡಬ್ಬಿಲಿ ನಡುವೆ ತೂತಿರೋ ಹಳೇ ಒಂದು ಪೈಸೆ ಕಾಸು ಮೂರು ಇದ್ವು, ಎರಡನೇ ಮಹಾಯುದ್ಧದ ಹೊತ್ತಲ್ಲಿ ಶುರುವಾಗಿ, 1943ರಿಂದ 47ರ ತನಕ ಅಚ್ಚು ಹಾಕಿದ್ದು. ತೂತು ರೆಡಿ ಇದೆ ಅಲ್ವಾ ಅಂತ ಖುಷಿಯಾಗಿ ಹಾಕಿ ನೋಡ್ದೆ, ಕೆಲಸ ಆಗಲ್ಲ. ಆ ತೂತು ತುಂಬಾ ದೊಡ್ಡದು, ಕಾಸು ಮೊಳೆ ಮೇಲೆ ಕೂರೋ ಬದಲು ಒಂದು ಕಡೆಗೆ ಜೋತು ಬೀಳುತ್ತೆ, ಅಲ್ಲಾಡಿಸಿದ್ರೆ ಜೊತೆಯ ಕಾಸಿಗೆ ತಾಗೋಕಿಂತ ಹೆಚ್ಚಾಗಿ ಮರಕ್ಕೇ ತಾಗುತ್ತೆ, ಕಟಕಟ ಅಂತ ಸದ್ದು. ಅದನ್ನ ವಾಪಸ್ ಡಬ್ಬಿಗೆ ಹಾಕಿ, ಬೆಂಗಳೂರಲ್ಲಿ ಹಳೇ ನಾಣ್ಯ ಮಾರೋರ ಹತ್ರ ಸವೆದು ಹೋದ, ಸಂಗ್ರಹ ಮಾಡೋರು ಮುಟ್ಟದ ಒಂದು ಕಾಲಾಣೆ ತಗೊಂಡೆ. ಈಗಿನ ಸ್ಟೀಲ್ ನಾಣ್ಯ ಯಾಕೆ ಹಾಕ್ಲಿಲ್ಲ ಅಂತ ಕೇಳಬಹುದು, ಚಲಾವಣೆಲಿರೋ ದುಡ್ಡಿಗೆ ತೂತು ಹೊಡೆಯೋಕೆ ಮನಸ್ಸು ಬರಲ್ಲ, ಜೊತೆಗೆ ಸ್ಟೀಲ್ ಸದ್ದು ಚೂಪು, ಕಿವಿಗೆ ಚುಚ್ಚುತ್ತೆ. ಕಂಚು ಕಂಚೇ.

ಹೊಸ ಕಾಸಿಗೆ ಮೂರೂವರೆ ಎಂ.ಎಂ. ಬಿಟ್ ಹಾಕಿ ಡ್ರಿಲ್ ಮಾಡಿದೆ. ಕಾಸನ್ನ ಕೈಲಿ ಹಿಡ್ಕೊಂಡು ಡ್ರಿಲ್ ಮಾಡ್ಬೇಡಿ, ಬಿಟ್ ಕಚ್ಕೊಂಡ್ರೆ ಕಾಸು ಗಿರಗಿರ ತಿರುಗಿ ಬೆರಳು ಕತ್ತರಿಸುತ್ತೆ, ಮರದ ಎರಡು ತುಂಡಿನ ನಡುವೆ ಸ್ಕ್ರೂ ಬಿಗಿದು ಮೇಲಿನ ಮರದ ಜೊತೆಗೇ ಕೊರೀರಿ. ತೂತಿನ ಅಂಚಿನ ಮುಳ್ಳನ್ನ ಅರದಿಂದ ಉಜ್ಜಿದೆ. ತುಕ್ಕು ಹಿಡಿದಿದ್ದ ಹಳೇ ಕಬ್ಬಿಣದ ಮೊಳೆ ಬದಲಿಗೆ ಸೈಕಲ್ ಚಕ್ರದ ಕಡ್ಡಿ ಕತ್ತರಿಸಿ ಹಾಕಿದೆ, ಅದು ಬೇಗ ತುಕ್ಕು ಹಿಡಿಯಲ್ಲ, ಸಣ್ಣದಾಗಿರೋದ್ರಿಂದ ಕಾಸು ಸಲೀಸಾಗಿ ಆಡುತ್ತೆ.

ಚರ್ಮಕ್ಕೆ ಬರೋಣ, ನಿಜವಾದ ಕೆಲಸ ಇಲ್ಲೇ.

ಖಂಜಿರಕ್ಕೆ ಹಿಂದೆ ಉಡದ ಚರ್ಮ ಹಾಕ್ತಿದ್ರು. ತೆಳು, ಚೆನ್ನಾಗಿ ಹಿಗ್ಗುತ್ತೆ, ಒಳಗಡೆಯಿಂದ ಚೂರು ನೀರು ಸವರಿದ್ರೆ ಕೂಡ್ಲೇ ಇಳಿದು ಗುಂಯ್ ಅಂತ ಕೆಳಗಿನ ಸದ್ದು ಬಿಡುತ್ತೆ, ಹಿಡಿದ ಕೈ ಬೆರಳಲ್ಲಿ ಅಂಚಿನ ಹತ್ರ ಒತ್ತಿದ್ರೆ ಸ್ವರ ಬಗ್ಗುತ್ತೆ. ಇದನ್ನ ಕಚೇರಿ ವಾದ್ಯ ಮಾಡಿದ್ದು ಪುದುಕೋಟೆಯ ಮಾಮುಂಡಿಯಾ ಪಿಳ್ಳೆಯವರು ಅಂತ ಹೇಳ್ತಾರೆ, 19ನೇ ಶತಮಾನದ ಕೊನೆ ಭಾಗದಲ್ಲಿ. ಆಮೇಲೆ ಖಂಜಿರ ವಾದಕ ಜಿ. ಹರಿಶಂಕರ್, 1958ರಲ್ಲಿ ಹುಟ್ಟಿ 2002ರಲ್ಲಿ ತೀರ್ಕೊಂಡ್ರು, ಅವರ ರೆಕಾರ್ಡಿಂಗ್ ಕೇಳಿದ್ರೆ ಏಳಿಂಚಿನ ಚರ್ಮದಲ್ಲಿ ಇಷ್ಟು ಸದ್ದು ಎಲ್ಲಿಂದ ಬರುತ್ತೆ ಅಂತ ಮೈ ಜುಂ ಅನ್ನುತ್ತೆ. ಬೆಂಗಳೂರಲ್ಲಿ ಎಚ್.ಪಿ. ರಾಮಾಚಾರ್ ಅವರು ನುಡಿಸ್ತಿದ್ರು. 2024ರ ಫೆಬ್ರವರಿಲಿ ಶಕ್ತಿ ಅನ್ನೋ ಫ್ಯೂಷನ್ ಸಂಗೀತ ತಂಡಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂದಾಗ ಆ ತಂಡದಲ್ಲಿ ಸೆಲ್ವಗಣೇಶ್ ಕೈಲಿದ್ದ ವಾದ್ಯಗಳಲ್ಲಿ ಖಂಜಿರಾನೂ ಒಂದು. ಇದನ್ನ ಚಿಕ್ಕಪ್ಪನಿಗೆ ಹೇಳಿದಾಗ "ನಮ್ಮ ದಮ್ಮಡೀನಾ?" ಅಂತ ಎರಡು ಸಲ ಕೇಳಿದ್ರು, ವಿಡಿಯೋ ತೋರಿಸಿದ್ಮೇಲೆ ಕಾಸಿನ ಕಿಂಡಿನೇ ನೋಡ್ತಾ ಇದ್ರು.

ಆದ್ರೆ ಉಡ ಈಗ ಮುಟ್ಟೋ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಲಿ ಮೊದಲನೇ ಶೆಡ್ಯೂಲಲ್ಲಿದೆ (ಹೆಚ್ಚಿನ ರಕ್ಷಣೆ ಇರೋ ಪ್ರಾಣಿಗಳ ಪಟ್ಟಿ), ಚರ್ಮ ಮಾರೋದು, ಕೊಳ್ಳೋದು ಎರಡೂ ಅಪರಾಧ, ಕನಿಷ್ಠ ಮೂರು ವರ್ಷ ಜೈಲು. ನಾನು ಚರ್ಮ ವಿಚಾರಿಸ್ತಾ ಫೋನ್ ಮಾಡಿದ ಒಂದು ಕಡೆ "ಒರಿಜಿನಲ್ ಬೇಕಾ, ಸ್ವಲ್ಪ ಜಾಸ್ತಿ ಆಗುತ್ತೆ" ಅಂದ್ರು, ಏನು ಅಂತ ಅರ್ಥ ಆದ ತಕ್ಷಣ ಬೇಡ ಅಂತ ಫೋನ್ ಇಟ್ಟೆ. ನಮ್ಮ ತೋಟದ ಬದುವಿನಲ್ಲಿ ಚಿಕ್ಕವನಿದ್ದಾಗ ಉಡ ಕಾಣ್ತಿತ್ತು, ಈಗ ಎಷ್ಟೋ ವರ್ಷ ಆಯ್ತು ನೋಡಿ. ಒಂದು ವಾದ್ಯಕ್ಕೋಸ್ಕರ ಅದನ್ನ ಕೊಲ್ಲಬೇಕಾ? ಮೇಕೆ ಚರ್ಮದಲ್ಲಿ ಚೆನ್ನಾಗಿ ನುಡಿಯೋ ಖಂಜಿರ ಈಗ ಬೇಕಾದಷ್ಟಿವೆ, ಸಿಂಥೆಟಿಕ್ ಹಾಳೆಯದ್ದೂ ಬಂದಿದೆ. ತಾತನ ದಮ್ಮಡಿಲಿದ್ದಿದ್ದೂ ಮೇಕೆ ಚರ್ಮಾನೇ, ಕೂದಲು ಬುಡದ ಸಣ್ಣ ಚುಕ್ಕಿ ಸಾಲು ಕಾಣ್ತಿತ್ತು.

ಮೇಕೆ ಚರ್ಮ ಅಂದ್ರೆ ಹದ ಮಾಡಿದ್ದಲ್ಲ, ಇದು ಗೊತ್ತಿರ್ಲಿ. ಚಪ್ಪಲಿ, ಬ್ಯಾಗಿಗೆ ಹಾಕೋ ಹದ ಮಾಡಿದ ಚರ್ಮ ಒಣಗಿದ್ರೂ ಮೆತ್ತಗೇ ಇರುತ್ತೆ, ಬಿಗಿದ್ಕೊಳ್ಳಲ್ಲ, ನುಡಿಯಲ್ಲ. ಬೇಕಾಗೋದು ಸುಣ್ಣದ ನೀರಲ್ಲಿ ಹಾಕಿ ಕೂದಲು ತೆಗೆದು, ಮಾಂಸದ ಕಡೆ ಹೆರೆದು ಬರೀ ಒಣಗಿಸಿದ್ದು. ಮುಟ್ಟಿದ್ರೆ ಹಪ್ಪಳ ಥರ ಗರಿಗರಿ. ನಮ್ಮೂರಿಂದ ಎಂಟು ಕಿಲೋಮೀಟರ್ ಆಚೆ ತಮಟೆ ಮಾಡೋ ಹಿರಿಯರೊಬ್ಬರಿದ್ದಾರೆ ಅಂತ ಚಿಕ್ಕಪ್ಪ ಹೇಳಿದ್ರು, ಆದ್ರೆ ಆ ವಾರ ಅವರು ಹಬ್ಬದ ಮೇಲೆ ಬೇರೆ ಊರಿಗೆ ಹೋಗಿದ್ರು, ನಾನು ಕಾಯ್ಲಿಲ್ಲ, ಅವರ ಮಗನ ಹತ್ರ ಒಂದು ತುಂಡು ಚರ್ಮ ಈಸ್ಕೊಂಡು ನಾನೇ ಹಾಕ್ತೀನಿ ಅಂತ ಬಂದೆ.

ಅಂಟು ಹುಣಸೆ ಬೀಜದ್ದು. ಫೆವಿಕಾಲ್‌ಲ್ಲೇ ಹಾಕಬಹುದಿತ್ತು, ಆದ್ರೆ ಮುಂದೆ ಯಾವತ್ತಾದ್ರೂ ಚರ್ಮ ಬದಲಾಯಿಸೋರು ಬಿಸಿನೀರಿನ ಬಟ್ಟೆಲಿ ಬಿಡಿಸೋಕೆ ಆಗ್ಬೇಕು ಅಂತ ನನ್ನ ಆಸೆ, ನನಗೆ ಆ ಸೌಕರ್ಯ ಸಿಕ್ಕಿದ್ದು ಹಳಬರು ಹುಣಸೆ ಅಂಟು ಹಾಕಿದ್ರಿಂದ. ಅತ್ತೆ ಚಳ್ಳಕೆರೆ ಕಡೆಯೋರು, ಅಲ್ಲಿ ಕಂಬಳಿ ನೇಯೋರು ಉಣ್ಣೆ ನೂಲಿಗೆ ಇದೇ ಬೀಜದ ಗಂಜಿ ಹಚ್ಚೋದು, ಹಾಗಾಗಿ ಅವರಿಗೆ ಕೈ ಅಳತೆ ಗೊತ್ತಿತ್ತು. ನೂರು ಗ್ರಾಂ ಬೀಜ ಬಾಣಲೆಲಿ ಸಿಪ್ಪೆ ಚಟಚಟ ಅನ್ನೋ ತನಕ ಹುರಿದು, ಒರಳಲ್ಲಿ ಕುಟ್ಟಿ ಕಂದು ಸಿಪ್ಪೆ ಕೇರಿ, ಬಿಳಿ ಬೇಳೆನ ರಾತ್ರಿ ನೆನೆಸಿ ಬೆಳಗ್ಗೆ ಮಿಕ್ಸಿಗೆ ಹಾಕಿ, ಮಡಕೆಲಿ ಸಣ್ಣ ಉರಿಲಿ ತಿರುವ್ತಾ ಅರ್ಧ ಗಂಟೆ. ಮೊದಲು ರಾಗಿ ಅಂಬಲಿ ಥರ ಇರುತ್ತೆ, ಆಮೇಲೆ ಬಿಳುಪು ಹೋಗಿ ಗಾಜಿನ ಥರ ಆಗುತ್ತೆ, ಎರಡು ಬೆರಳ ನಡುವೆ ತಗೊಂಡು ಬಿಡಿಸಿದ್ರೆ ಬೆಲ್ಲದ ಎಳೆ ಪಾಕದ ಥರ ಎಳೆ ಬರಬೇಕು. ಇಲಿ, ಜಿರಲೆ ಬರದೇ ಇರ್ಲಿ ಅಂತ ಕೊನೇಲಿ ಎರಡು ಚಿಟಿಕೆ ಮೈಲುತುತ್ತ ಪುಡಿ ಹಾಕಿದೆ, ಹಳೇ ಕಾಲದಲ್ಲಿ ಪುಸ್ತಕ ಬೈಂಡ್ ಮಾಡೋರು ಅಂಟಿಗೆ ಹಾಕ್ತಿದ್ದಿದ್ದು ಇದನ್ನೇ. ಅದು ವಿಷ, ಅಡುಗೆ ಪಾತ್ರೆ ಬಳಸಬಾರದು, ಮಕ್ಕಳ ಕೈಗೆ ಸಿಗಬಾರದು, ಆ ಮಡಕೆ ಆಮೇಲೆ ಒಡೆದು ಹೂತುಬಿಟ್ಟೆ.

ನವೆಂಬರ್ ಮೂರನೇ ಶನಿವಾರ ಮೊದಲನೇ ಸಲ ಹಾಕಿದೆ. ಚರ್ಮ ನಾಲ್ಕು ಗಂಟೆ ನೀರಲ್ಲಿ ನೆನೆಸಿ, ಬಳೆಗಿಂತ ಮೂರು ಇಂಚು ದೊಡ್ಡದಾಗಿ ದುಂಡಗೆ ಕತ್ತರಿಸಿ, ಬಳೆ ಅಂಚಿಗೆ, ಹೊರಗೋಡೆಗೆ ಮುಕ್ಕಾಲು ಇಂಚಿನ ತನಕ ಅಂಟು ಬಳಿದು, ಕೂದಲಿದ್ದ ನಯ ಕಡೆ ಮೇಲೆ ಬರೋ ಹಾಗೆ ಹೊದಿಸಿ, ಎದುರುಬದುರು ಜಾಗ ಹಿಡಿದು ಶಕ್ತಿ ಇದ್ದಷ್ಟು ಎಳೆದೆ. ಚಿಕ್ಕಪ್ಪ ಸಣಬಿನ ದಾರ ಸುತ್ತಿದ್ರು. ಬೆರಳಲ್ಲಿ ಬಡಿದ್ರೆ ಒದ್ದೆ ಇದ್ದಾಗ್ಲೇ ಢಂ ಅಂತು, ನನಗೆ ಖುಷಿಯೋ ಖುಷಿ, ಬೇಗ ಒಣಗ್ಲಿ ಅಂತ ಮಹಡಿ ಮೇಲೆ ಬಿಸಿಲಿಗೆ ಇಟ್ಟೆ. ಮಧ್ಯಾಹ್ನ ಎರಡೂವರೆಗೆ ಊಟ ಮಾಡ್ತಾ ಇದ್ದಾಗ ಮೇಲಿಂದ ಫಟ್ ಅಂತ ಸದ್ದು. ಓಡಿ ಹೋಗಿ ನೋಡಿದ್ರೆ ಕಿಂಡಿ ಇರೋ ಕಡೆ ಕೈಯಗಲ ಚರ್ಮ ಅಂಟು ಸಮೇತ ಕಿತ್ಕೊಂಡು ಮೇಲೆದ್ದಿದೆ, ಉಳಿದ ಕಡೆ ಬಿಗಿದು ಬಿಗಿದು ಮರಾನೇ ಎಳೀತಿದೆ. ಕೂಡಲೇ ನೀರು ಚಿಮುಕಿಸಿ ಸಡಿಲ ಮಾಡಿ ಬಿಚ್ಚಿದೆ, ಇನ್ನರ್ಧ ಗಂಟೆ ಬಿಟ್ಟಿದ್ರೆ ಫೆವಿಕಾಲ್ ಹಾಕಿದ ಸೀಳು ಮತ್ತೆ ಬಾಯಿ ಬಿಡ್ತಿತ್ತೇನೋ.

ಆವತ್ತು ರಾತ್ರಿ ಕಿತ್ತ ಜಾಗ ಟಾರ್ಚ್ ಹಾಕಿ ನೋಡ್ದೆ. ಅಲ್ಲಿ ಮರದ ಮೇಲೆ ಹಳೇ ಪಾಲಿಶ್ ತೆಳ್ಳಗೆ ಉಳಿದಿತ್ತು, ನಾನು ಉಜ್ಜಿದ್ದು ಸಾಲದು, ಅಂಟು ಮರಕ್ಕೆ ಕೂತಿರ್ಲಿಲ್ಲ ಪಾಲಿಶ್‌ಗೆ ಕೂತಿತ್ತು. ಇದೊಂದು ಕಾರಣ. ಇನ್ನೊಂದು ಕಾರಣ ಮಾರನೇ ವಾರ ಆ ತಮಟೆ ಮಾಡೋ ಹಿರಿಯರು ಹೇಳಿದ್ರು.

ಅವರ ಮನೆ ಜಗಲಿ ಮೇಲೆ ನಾಲ್ಕು ತಮಟೆ ಬಳೆ, ಗೋಡೆಲಿ ಪೇಪರಿಂದ ಕತ್ತರಿಸಿ ಅಂಟಿಸಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನೋರ ಫೋಟೋ, 2023ರಲ್ಲಿ ತಮಟೆಗೆ ಪದ್ಮಶ್ರೀ ಬಂದಾಗಿಂದು. ನಾನು ಕಿತ್ತು ಹೋದ ಕಥೆ ಹೇಳಿದೆ. ಅವರು ಬಳೆ ತಗೊಂಡು ಸುತ್ತ ಹೆಬ್ಬೆಟ್ಟು ಓಡಿಸಿ, "ಎಷ್ಟು ಎಳ್ದೆ ಮಗಾ?" ಅಂದ್ರು. ಶಕ್ತಿ ಇದ್ದಷ್ಟು ಅಂದೆ. "ನೀನ್ಯಾಕ್ ಎಳೀತೀಯ, ಒಣಗ್ತಾ ಒಣಗ್ತಾ ಅದೇ ಎಳ್ಕಂತದೆ. ನೀನೂ ಎಳ್ದು ಅದೂ ಎಳ್ದ್ರೆ ಅಂಟು ಏನ್ ಮಾಡ್ತದೆ ಪಾಪ" ಅಂದ್ರು.

ಅವರು ತೋರಿಸಿಕೊಟ್ಟ ಅಳತೆ ನಾನು ಯಾವ ವಿಡಿಯೋಲೂ ನೋಡಿಲ್ಲ. ಒದ್ದೆ ಚರ್ಮ ಹೊದಿಸಿ, ಸುಕ್ಕು ಹೋಗುವಷ್ಟು ಮಾತ್ರ ಸುತ್ತ ಸವರಿ ಇಳಿಸಿ, ದಾರ ಕಟ್ಟಿದ್ಮೇಲೆ ನಡುವೆ ಹೆಬ್ಬೆಟ್ಟಲ್ಲಿ ಮೆಲ್ಲಗೆ ಒತ್ತಬೇಕು. ಒಂದು ಹುರುಳಿ ಕಾಳಿನ ದಪ್ಪ ಇಳಿದ್ರೆ ಸರಿ. ಅವರೆಕಾಳಿನಷ್ಟು ಇಳಿದ್ರೆ ಒಣಗಿದ್ಮೇಲೆ ಸದ್ದು ಸತ್ತಿರುತ್ತೆ, ಇಳೀದೇ ಇದ್ರೆ ಕಿತ್ಕೊಳುತ್ತೆ ಇಲ್ಲಾ ಟಣ್ ಟಣ್ ಅಂತ ತಗಡಿನ ಸದ್ದು ಬರುತ್ತೆ. ಆಮೇಲೆ ನೆರಳು, ಬಿಸಿಲಲ್ಲ. ಇನ್ನೊಂದು ಮುಖ್ಯ ಅಂದ್ರೆ ನಡುವಿನ ಚರ್ಮದ ಮೇಲೆ ಒದ್ದೆ ಬಟ್ಟೆ ಹಾಕಿಡಬೇಕು, ಅಂಚು ಮಾತ್ರ ಬಯಲಿಗೆ ಬಿಡಬೇಕು, ಅಂಚಿನ ಅಂಟು ಮೊದಲು ಗಟ್ಟಿಯಾಗಿ ಕೂರ್ಲಿ, ನಡುವಿನ ಚರ್ಮ ಆಮೇಲೆ ಬಿಗೀಲಿ ಅಂತ. ಬಿಸಿಲಲ್ಲಿಟ್ಟಾಗ ಆಗಿದ್ದು ಇದರ ಉಲ್ಟಾ, ತೆಳ್ಳಗಿರೋ ನಡು ಮೊದಲು ಒಣಗಿ ಬಿಗಿದಿತ್ತು, ಅಂಚಲ್ಲಿ ಮಡಿಕೆ ಕೆಳಗೆ ಅಂಟು ಇನ್ನೂ ಹಸಿ ಇತ್ತು. ಕೇಳಿದ ತಕ್ಷಣ ಅಷ್ಟು ಸರಳ ಅನ್ಸ್ತು.

ಚರ್ಮಾನೂ ಅವರೇ ಆರಿಸಿಕೊಟ್ರು. ಬೆಳಕಿಗೆ ಹಿಡಿದು ನೋಡಿದ್ರು, ಬೆನ್ನುಹುರಿ ಗೆರೆ ಮೇಲಿನದ್ದು ದಪ್ಪ, ಅದರ ಪಕ್ಕದ ಪಕ್ಕೆ ಭಾಗ ಒಂದೇ ಸಮ ತೆಳು, ಬೆಳಕು ಜೇನು ಬಣ್ಣದಲ್ಲಿ ಸಮನಾಗಿ ಬರೋ ಜಾಗಕ್ಕೆ ಇದ್ದಿಲಲ್ಲಿ ಗುಂಡಾಕಾರ ಗೆರೆ ಎಳೆದ್ರು. "ಮರಿದು, ದೊಡ್ಡ ಮೇಕೆದಲ್ಲ. ತಮಟೆಗಾದ್ರೆ ಇದು ಸಾಲಲ್ಲ, ಕೋಲು ಬೀಳ್ತದೆ. ನಿಂದು ಬೆರಳಲ್ಲಿ ನುಡ್ಸೋದಲ್ವಾ." ದುಡ್ಡು ಎಷ್ಟು ಅಂತ ಕೇಳಿದ್ರೆ ಚರ್ಮದ್ದು ಮಾತ್ರ ತಗೊಂಡ್ರು, ಹೇಳಿಕೊಟ್ಟಿದ್ದಕ್ಕೆ ಬೇಡ ಅಂದ್ರು. ಈ ಕೆಲಸ ಬಲ್ಲೋರು ಹೀಗೆ ಊರೂರಲ್ಲಿ ಇದ್ದಾರೆ, ನಾನು ಮೊದಲು ಅವರ ಬಾಗಿಲಿಗೆ ಹೋಗಿ ಕೂರಬೇಕಿತ್ತು.

ಎರಡನೇ ಸಲ ಬಳೆನ 80ರ ಮರಳು ಕಾಗದದಲ್ಲಿ ಹಸಿ ಮರ ಕಾಣೋ ತನಕ ಉಜ್ಜಿ, ಅಂಟು ಇನ್ನೂ ಮಂದವಾಗಿ ಕಾಸಿ, ಹುರುಳಿ ಅಳತೆ ನೋಡಿ ಕಟ್ಟಿ, ಅಡುಗೆಮನೆ ಪಕ್ಕದ ಕತ್ತಲೆ ಕೋಣೇಲಿ ನಾಲ್ಕು ದಿನ ಬಿಟ್ಟೆ. ನಾನು ಬೆಂಗಳೂರಿಗೆ ವಾಪಸ್ ಬಂದಿದ್ದೆ, ಅತ್ತೆ ದಿನಾ ಬೆಳಗ್ಗೆ ಫೋಟೋ ಕಳಿಸೋರು, ಎರಡನೇ ದಿನ ನಡುವಿನ ಬಟ್ಟೆ ತೆಗೆದ್ರು. ನಾಲ್ಕನೇ ದಿನ ಅವರು ಫೋನಲ್ಲೇ ಬೆರಳಲ್ಲಿ ತಟ್ಟಿ ಕೇಳಿಸಿದ್ರು. ಫೋನ್ ಸ್ಪೀಕರ್ ಕೆಳಗಿನ ಸದ್ದು ಹಿಡಿಯಲ್ಲ, ಆದ್ರೂ ಕಿತ್ತಿಲ್ಲ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕಿತ್ತು.

ಊರಿಗೆ ಹೋಗಿ ಅಂಚಿನ ಹೆಚ್ಚುವರಿ ಚರ್ಮ ಬ್ಲೇಡಲ್ಲಿ ಸುತ್ತ ಕೊಯ್ದು, ಟ್ಯೂನರ್ ಆ್ಯಪ್ ಹಾಕಿ ನೋಡ್ದೆ. ಒಣಗಿದಾಗ 300 ಹರ್ಟ್ಸ್ ಆಸುಪಾಸು. ಒಳಗಡೆಯಿಂದ ನಾಲ್ಕು ಹನಿ ನೀರು ಸವರಿ ಹತ್ತು ನಿಮಿಷ ಬಿಟ್ರೆ ಸದ್ದು ಅರ್ಧಕ್ಕಿಂತ ಕೆಳಗೆ ಇಳೀತು, ಗುಂ ಅಂತ ಎದೆಗೆ ಬರೋ ಸದ್ದು. ಮೃದಂಗಕ್ಕೆ, ತಬಲಾಗೆ ಬಾರು ಇರುತ್ತೆ, ತಬಲಾಗಾದ್ರೆ ಬಾರಿನ ಕೆಳಗೆ ಗಟ್ಟ ಅನ್ನೋ ಮರದ ತುಂಡೂ ಇರುತ್ತೆ, ಬಡಿದು ಎಳೆದು ಶ್ರುತಿ ಮಾಡಬಹುದು. ಇದಕ್ಕೆ ಏನೂ ಇಲ್ಲ. ಅಂಟಿಸಿದ ದಿನ ಎಷ್ಟು ಬಿಗಿ ಇಟ್ಟಿರೋ ಅಷ್ಟೇ, ಆಮೇಲೆ ನಿಮ್ಮ ಕೈಲಿರೋದು ನೀರು ಮತ್ತೆ ಬೆಂಕಿ ಎರಡೇ.

ಇಲ್ಲೇ ನನಗೆ ಈ ಕೆಲಸದ ಅಸಲಿ ವಿಷಯ ಹೊಳೆದಿದ್ದು. ಕಚೇರಿಲಿ ನುಡಿಸೋರು ಒಣ ಹಾಲ್‌ಲ್ಲಿ ಕೂತು ನೀರು ಹಾಕಿ ಚರ್ಮ ಇಳಿಸ್ಕೋತಾರೆ. ನಮಗೆ ಧನುರ್ಮಾಸದ ಐದು ಗಂಟೆ ಜಾವ, ತೆಂಗಿನ ಗರಿಯಿಂದ ಇಬ್ಬನಿ ತೊಟ್ಟಿಕ್ತಿರುತ್ತೆ, ಯಾರೂ ನೀರು ಹಾಕೋದೇ ಬೇಡ, ಗಾಳೀನೇ ಚರ್ಮನ ಒದ್ದೆ ಮಾಡುತ್ತೆ. ಪರೀಕ್ಷೆ ಮಾಡೋಣ ಅಂತ ಒಂದು ದಿನ ಬೆಳಗಿನ ಜಾವ ಅಂಗಳದಲ್ಲಿ ಹಿಡ್ಕೊಂಡು ನಿಂತೆ, ಇಪ್ಪತ್ತು ನಿಮಿಷಕ್ಕೆ 300 ಇದ್ದಿದ್ದು 200ರ ಕೆಳಗೆ ಬಂತು, ನಲವತ್ತು ನಿಮಿಷಕ್ಕೆ ಚರ್ಮ ಸೋತುಬಿಡ್ತು, ಬೆರಳಿಗೆ ಒದ್ದೆ ಬಟ್ಟೆ ಬಡಿದಂಗೆ. ಕಚೇರಿಯೋರು ಇಷ್ಟಪಡೋದಕ್ಕಿಂತ ಒಂದು ಚೂರು ಬಿಗಿ ನಮ್ಮ ಭಜನೆಗೆ ಬೇಕು ಅಂತ ಅರ್ಥ. ಹುರುಳಿ ಕಾಳಿನ ಬದಲು ಸಾಸಿವೆಯಷ್ಟು ಇಳಿಯೋ ಹಾಗೆ ಕಟ್ಟಿದ್ರೆ ಇನ್ನೂ ಸ್ವಲ್ಪ ಹೊತ್ತು ತಡೀತಿತ್ತೇನೋ. ಮೂರನೇ ಸಲ ಬಿಚ್ಚೋಕೆ ಟೈಮ್ ಇರ್ಲಿಲ್ಲ. ಒಳಗಡೆ ಮರಕ್ಕೆ, ಚರ್ಮಕ್ಕೆ ಎಣ್ಣೆ ಹಚ್ಚಿದ್ರೆ ನೀರು ಕುಡಿಯಲ್ಲ ಅಂತ ಒಬ್ಬರು ಹೇಳಿದ್ರು, ಮಿಕ್ಕಿದ್ದ ತುಂಡಿನ ಮೇಲೆ ಹಚ್ಚಿ ನೋಡ್ದೆ, ಚರ್ಮ ಭಾರ ಆಗಿ ಸದ್ದು ಮಂಕಾಯ್ತು, ಬೇಡ. ಮರಕ್ಕೆ ಮಾತ್ರ ತೆಳ್ಳಗೆ ಕೊಬ್ಬರಿ ಎಣ್ಣೆ ಕೈಲಿ ಉಜ್ಜಿದೆ, ಹಲಸಿನ ಹಳದಿ ಬಣ್ಣ ಎದ್ದು ಬಂತು.

ಧನುರ್ಮಾಸದ ಮೊದಲ ದಿನ ಆಂಜನೇಯನ ಗುಡಿಯಿಂದ ಹೊರಟ್ವಿ, ಚಿಕ್ಕಪ್ಪನ ಎಡಗೈಲಿ ದಮ್ಮಡಿ. ಮೊದಲ ಬೀದಿಲಿ ಸದ್ದು ಮೇಲಿತ್ತು, ಕುಂಬಾರರ ಬೀದಿ ತಿರುಗೋ ಹೊತ್ತಿಗೆ ಇಬ್ಬನಿ ಹಿಡಿದು ಸರಿಯಾದ ಜಾಗಕ್ಕೆ ಇಳೀತು, ಆ ಒಂದು ಬೀದಿ ಪೂರ್ತಿ ಗುಂ ಗುಂ ಅಂತ ಹೋದ್ವಿ, ನನ್ನ ಮುಂದೆ ಹೋಗ್ತಿದ್ದ ಇಬ್ಬರು ಹಿರಿಯರು ಹಾಡ್ತಾನೇ ತಿರುಗಿ ನೋಡಿದ್ರು. ಕೆರೆ ಏರಿ ಹತ್ರ ಚರ್ಮ ಸೋತುಬಿಡ್ತು. ಚಿಕ್ಕಪ್ಪ ಏನೂ ಮಾತಾಡ್ದೇ ಕಟ್ಟೆ ಹತ್ರ ಚಳಿ ಕಾಯಿಸ್ತಿದ್ದೋರ ತೆಂಗಿನ ಮಟ್ಟೆ ಬೆಂಕಿ ಕಡೆ ನಡೆದ್ರು, ಒಂದು ಮೊಳ ದೂರದಲ್ಲಿ ಚರ್ಮದ ಕಡೆ ಮುಖ ಮಾಡಿ ಹಿಡಿದು, ಬಳೆನ ನಿಧಾನ ತಿರುಗಿಸ್ತಾ, ನಡುನಡುವೆ ಒಂದು ಬೆರಳಲ್ಲಿ ತಟ್ಟಿ ಕೇಳ್ತಾ ಎರಡು ನಿಮಿಷ ನಿಂತ್ರು. ತಾತ ಹೀಗೇ ಮಾಡ್ತಿದ್ರಂತೆ, ಮಟ್ಟೆ ಬೆಂಕಿ ಆದ್ರೆ ಹೊಗೆ ಜಾಸ್ತಿ, ಗರಿ ಬೆಂಕಿ ಆದ್ರೆ ಉರಿ ಜಾಸ್ತಿ, ಮಟ್ಟೆ ಕೆಂಡ ಆದ್ಮೇಲೆ ಹಿಡೀಬೇಕು ಅಂತ ಬರುವಾಗ ಹೇಳಿದ್ರು. ಸದ್ದು ವಾಪಸ್ ಬಂತು, ಉಳಿದ ಎರಡು ಬೀದಿ ಮುಗಿಸಿದ್ವಿ.

ಹೊಸ ಕಾಲಾಣೆ ಮಾತ್ರ ಹಳೇದಕ್ಕಿಂತ ಸವೆದಿರೋದ್ರಿಂದ ಚೂರು ಹಗುರ, ಎರಡೂ ತಾಗಿದಾಗ ಸದ್ದಿಗೆ ಒಂದು ಸಣ್ಣ ಕೊಸರು ಇದೆ. ಸಂಕ್ರಾಂತಿಗೆ ಭಜನೆ ಮುಗಿದ್ಮೇಲೆ ಕಡ್ಡಿ ಬಿಚ್ಚಿ ಬೇರೆ ಕಾಸು ಹಾಕಿ ನೋಡ್ತೀನಿ, ಅಲ್ಲಿ ತನಕ ಒಲೆ ಪಕ್ಕದ ಬೆಚ್ಚಗಿನ ಗೋಡೆಗೆ ನೇತು ಹಾಕಿದೀವಿ.